ಜರ್ಮನಿಗೆ ಬರ್ತಿದ್ದೀರಾ? ಕುಕ್ಕರ್ ಆಮೇಲೆ, ಅಡ್ರೆಸ್ ಮೊದಲು

ಜುಲೈ ಆಗಸ್ಟ್ ಬಂತು ಅಂದ್ರೆ ನನಗೆ ಬರೋ ಮೆಸೇಜುಗಳೆಲ್ಲ ಒಂದೇ ಥರ. ಕುಕ್ಕರ್ ಮೂರು ಲೀಟರಿಂದು ತರ್ಲಾ ಐದು ಲೀಟರಿಂದು ತರ್ಲಾ, ಜಾಕೆಟ್ ಬೆಂಗಳೂರಲ್ಲೇ ತಗೊಳ್ಳಲಾ ಅಲ್ಲಿ ಬಂದು ತಗೊಳ್ಳಲಾ, ಸಾರಿನ ಪುಡಿ ಎಷ್ಟು ಕೆಜಿ ಬಿಡ್ತಾರೆ. ನಾನು ಇಲ್ಲಿ ಹೊರದೇಶದಿಂದ ಬರೋ ಸ್ಟೂಡೆಂಟ್ಸ್‌ಗೆ ಶುರುವಿನ ದಿನಗಳಲ್ಲಿ ದಾರಿ ತೋರಿಸೋ ಕೆಲಸದಲ್ಲಿದ್ದೀನಿ, ಅದರಲ್ಲೂ ಕನ್ನಡದ ಹುಡುಗ ಹುಡುಗೀರು ಅಂದ್ರೆ ಸ್ವಲ್ಪ ಜಾಸ್ತಿನೇ ಮಾತಾಡ್ತೀನಿ, ಹಾಗಾಗಿ ಈ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟೇ ಕೊಡ್ತೀನಿ. (ಮೂರು ಲೀಟರ್ ಸಾಕು.) ಆದ್ರೆ ಕೇಳಲೇಬೇಕಾದ ಒಂದು ಪ್ರಶ್ನೆನ ಮಾತ್ರ ಹತ್ತರಲ್ಲಿ ಒಬ್ರೂ ಕೇಳಲ್ಲ: ನಾನು ಬುಕ್ ಮಾಡಿರೋ ರೂಮಿಗೆ ಆನ್ಮೆಲ್ಡುಂಗ್ ಆಗುತ್ತಾ?

ಆನ್ಮೆಲ್ಡುಂಗ್ ಅಂದ್ರೆ ನೀವು ಇರೋ ವಿಳಾಸನ ಊರಿನ ಆಫೀಸಲ್ಲಿ ನೋಂದಾಯಿಸೋದು. ಮನೆಗೆ ಬಂದ ಎರಡು ವಾರದೊಳಗೆ ಮಾಡಿಸ್ಬೇಕು ಅಂತ ಕಾನೂನೇ ಇದೆ. ಪಾಸ್‌ಪೋರ್ಟ್ ಬೇಕು, ಜೊತೆಗೆ ಮನೆ ಕೊಟ್ಟವರು ಸೈನ್ ಹಾಕಿರೋ ಒಂದು ಫಾರ್ಮ್ ಬೇಕು, ಬರೀ ಬಾಡಿಗೆ ಅಗ್ರಿಮೆಂಟ್ ತೋರಿಸಿದ್ರೆ ಒಪ್ಪಲ್ಲ. ಈ ಫಾರ್ಮನ್ನ ಹೋಟೆಲ್ಲಿನವರು ಕೊಡಲ್ಲ, ವಾರದ ಬಾಡಿಗೆ ರೂಮಿನವರೂ ಸಾಮಾನ್ಯವಾಗಿ ಕೊಡಲ್ಲ, ಸೀನಿಯರ್ ರೂಮಲ್ಲಿ ಹಾಸಿಗೆ ಹಾಕ್ಕೊಂಡು ಮಲಗಿದ್ರೆ ಆ ಸೀನಿಯರ್‌ಗೆ ಓನರ್ ಬೈತಾರೆ ಅನ್ನೋ ಭಯ.

ಏನಾಗುತ್ತೆ ಒಂದು ತಿಂಗಳು ಲೇಟಾದ್ರೆ ಅಂತ ಕೇಳ್ತಾರೆ. ದಂಡದ ವಿಷಯ ಬಿಡಿ, ದೊಡ್ಡ ಊರುಗಳಲ್ಲಿ ಎರಡು ವಾರದೊಳಗೆ ಅಪಾಯಿಂಟ್‌ಮೆಂಟೇ ಸಿಗಲ್ಲ, ಬುಕ್ ಮಾಡಿರೋ ಈಮೇಲ್ ಇಟ್ಕೊಂಡಿದ್ರೆ ಅದಕ್ಕೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ. ತೊಂದರೆ ಇರೋದು ಬೇರೆ ಕಡೆ. ವೀಸಾಗೋಸ್ಕರ ಅಪ್ಪ ಅಮ್ಮ ಬ್ಲಾಕ್ಡ್ ಅಕೌಂಟಿಗೆ, ಅಂದ್ರೆ ತಿಂಗಳಿಗೆ ಇಷ್ಟೇ ಅಂತ ಮಾತ್ರ ದುಡ್ಡು ಬಿಡೋ ಅಕೌಂಟಿಗೆ, 11,904 ಯೂರೋ ಹಾಕಿರ್ತಾರಲ್ಲ (2024ರ ಸೆಪ್ಟೆಂಬರಿಂದ ಈ ಮೊತ್ತ), ಅದರಿಂದ ತಿಂಗಳಿಗೆ 992 ಯೂರೋ ನಿಮ್ಮ ಕೈಗೆ ಬರ್ಬೇಕು. ಬರ್ಬೇಕು ಅಂದ್ರೆ ಇಲ್ಲಿ ನಿಮ್ಮ ಹೆಸರಲ್ಲಿ ಮಾಮೂಲಿ ಬ್ಯಾಂಕ್ ಅಕೌಂಟ್ ಇರ್ಬೇಕು. ಅಕೌಂಟ್ ತೆಗೀಬೇಕು ಅಂದ್ರೆ ಬಹಳಷ್ಟು ಬ್ಯಾಂಕಿನವರು ಆನ್ಮೆಲ್ಡುಂಗ್ ಪೇಪರ್ ಕೇಳ್ತಾರೆ. ಆ ಪೇಪರ್ ಬೇಕು ಅಂದ್ರೆ ಮನೆ ಬೇಕು, ಮನೆ ಬೇಕು ಅಂದ್ರೆ ಡೆಪಾಸಿಟ್ ದುಡ್ಡು ಬೇಕು, ಆ ದುಡ್ಡು ಎಲ್ಲಿದೆ ಅಂದ್ರೆ ಬ್ಲಾಕ್ಡ್ ಅಕೌಂಟಲ್ಲಿ! ತಮ್ಮದೇ ಹತ್ತು ಲಕ್ಷಕ್ಕೂ ಜಾಸ್ತಿ ರೂಪಾಯಿ ಅಕೌಂಟಲ್ಲಿ ಇಟ್ಕೊಂಡು ಫ್ರೆಂಡ್ ಹತ್ರ ಐವತ್ತು ಯೂರೋ ಸಾಲ ಕೇಳೋ ಹುಡುಗರನ್ನ ಪ್ರತಿ ಅಕ್ಟೋಬರಲ್ಲೂ ನೋಡ್ತೀನಿ. ಅದಕ್ಕೇ ಮೊದಲ ತಿಂಗಳ ಖರ್ಚಿಗೆ ಅಂತ ಫಾರೆಕ್ಸ್ ಕಾರ್ಡಲ್ಲಿ 1,500ರಿಂದ 2,000 ಯೂರೋ ಬೇರೆನೇ ಇರ್ಲಿ, ಸ್ವಲ್ಪ ಕ್ಯಾಶ್ ಕೂಡ ಇರ್ಲಿ, ಇಲ್ಲಿ ಬೇಕರಿಗಳಲ್ಲಿ ಈಗಲೂ ಕಾರ್ಡ್ ತಗೊಳ್ಳಲ್ಲ ಅನ್ನೋರಿದ್ದಾರೆ, ಯುಪಿಐ ಅಭ್ಯಾಸ ಆಗಿರೋ ನಮಗೆ ನಂಬೋಕೆ ಕಷ್ಟ.

ಡೆಪಾಸಿಟ್ ವಿಷಯಕ್ಕೆ ಬಂದ್ರೆ, ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿಲ್ಲ. ಕಾನೂನಿನ ಪ್ರಕಾರ ಹೆಚ್ಚೆಂದ್ರೆ ಮೂರು ತಿಂಗಳ ಬಾಡಿಗೆಯಷ್ಟು, ಅದೂ ಹೀಟಿಂಗ್ ನೀರು ಇತ್ಯಾದಿ ಸೇರಿಸದೆ ಇರೋ ಬಾಡಿಗೆ ಲೆಕ್ಕದಲ್ಲಿ. ಅದನ್ನ ಮೂರು ಕಂತಲ್ಲಿ ಕಟ್ಟೋ ಹಕ್ಕೂ ಬಾಡಿಗೆದಾರರಿಗಿದೆ, ಮೊದಲ ಕಂತು ಬಾಡಿಗೆ ಶುರುವಾದಾಗ. ಇದು ಗೊತ್ತಿಲ್ಲದೆ ಊರಿಂದಾನೇ ಪೂರ್ತಿ ದುಡ್ಡು ಕಳಿಸಿ ಮೋಸ ಹೋದವರೇ ಜಾಸ್ತಿ. ಮೋಸದ ಕತೆನೂ ಪ್ರತಿ ವರ್ಷ ಅದೇನೇ: ಒಳ್ಳೇ ಫೋಟೋ, ಊರಿನ ನಡುವೆ ಮನೆ, ಬಾಡಿಗೆ ಬೇರೆಯವರಿಗಿಂತ ಕಮ್ಮಿ, ಓನರ್ ಸದ್ಯಕ್ಕೆ ಬೇರೆ ದೇಶದಲ್ಲಿದ್ದಾರೆ, ದುಡ್ಡು ಹಾಕಿ ಕೀ ಕೊರಿಯರಲ್ಲಿ ಬರುತ್ತೆ. ಕೀ ಬರಲ್ಲ. ವಿಡಿಯೋ ಕಾಲಲ್ಲಿ ಮನೆ ಒಳಗಿಂದ ಬಾಗಿಲ ತನಕ, ಬಾಗಿಲಿಂದ ಬೀದಿ ತನಕ ತೋರಿಸಿ ಅಂತ ಕೇಳಿ ನೋಡಿ, ಮೋಸಗಾರ ಅಲ್ಲೇ ಮಾಯ ಆಗ್ತಾನೆ. ಇನ್ನೊಂದು ದಂಧೆ ಇದೆ, ಮನೆ ಇಲ್ಲದೆ ಬರೀ ಅಡ್ರೆಸ್ ಮಾರೋರು, ಇಷ್ಟು ದುಡ್ಡು ಕೊಡು ನಮ್ಮ ಮನೆಯಲ್ಲಿದ್ದೀಯ ಅಂತ ಸೈನ್ ಹಾಕ್ತೀವಿ ಅನ್ನೋರು. ಅದು ಕಾನೂನಿಗೆ ವಿರುದ್ಧ, ಹಾಗೆ ಅಡ್ರೆಸ್ ಮಾರೋರಿಗೆ 50,000 ಯೂರೋ ತನಕ ದಂಡ ಹಾಕಬಹುದು, ನಿಮ್ಮ ರೆಸಿಡೆನ್ಸ್ ಪರ್ಮಿಟ್ಟಿಗೂ ಕುತ್ತು ಬರಬಹುದು. ಯೂನಿವರ್ಸಿಟಿ ಹಾಸ್ಟೆಲಿಗೆ ಅಡ್ಮಿಷನ್ ಲೆಟರ್ ಬಂದ ದಿನವೇ ಅಪ್ಲೈ ಮಾಡಿ, ವೀಸಾ ಬರ್ಲಿ ಆಮೇಲೆ ನೋಡೋಣ ಅಂತ ಕಾಯ್ಬೇಡಿ, ವೇಟಿಂಗ್ ಲಿಸ್ಟ್ ಒಂದೊಂದು ಊರಲ್ಲಿ ಒಂದು ಸೆಮಿಸ್ಟರಿಗಿಂತ ಉದ್ದ.

ಮನೆ ಸಿಕ್ತು, ಆನ್ಮೆಲ್ಡುಂಗೂ ಆಯ್ತು. ಆದ್ರೂ ಮೂರು ವಾರ ಆದ್ರೂ ಬ್ಯಾಂಕ್ ಕಾರ್ಡ್ ಬಂದಿಲ್ಲ ಅಂತ ಒಬ್ಬ ಬಂದು ಕೂತ. ಪೋಸ್ಟ್ ಡಬ್ಬದ ಮೇಲೆ ನಿನ್ನ ಹೆಸರಿದೆಯೇನಪ್ಪಾ ಅಂತ ಕೇಳ್ದೆ. ಯಾವ ಡಬ್ಬ ಮೇಡಂ ಅಂದ!

ಇಲ್ಲಿ ಪೋಸ್ಟ್‌ನವರು ಬರೀ ಮನೆ ನಂಬರ್ ನೋಡಿ ಕಾಗದ ಹಾಕಲ್ಲ. ಒಂದು ಕಟ್ಟಡದಲ್ಲಿ ಇಪ್ಪತ್ತು ಮನೆ ಇದ್ರೂ ಫ್ಲಾಟ್ ನಂಬರ್ ಅನ್ನೋದೇ ಇರಲ್ಲ ಬಹಳ ಕಡೆ, ಕೆಳಗೆ ಸಾಲಾಗಿ ತಗಡಿನ ಡಬ್ಬ, ಪ್ರತಿ ಡಬ್ಬದ ಮೇಲೂ ಹೆಬ್ಬೆರಳಗಲದ ಹೆಸರಿನ ಚೀಟಿ, ಆ ಚೀಟಿಯಲ್ಲಿ ನಿಮ್ಮ ಸರ್‌ನೇಮ್ ಇದ್ರೆ ಕಾಗದ ಒಳಗೆ, ಇಲ್ಲಾಂದ್ರೆ ಹಿಂಗೊಬ್ಬರು ಇಲ್ಲಿಲ್ಲ ಅಂತ ವಾಪಸ್. ಬ್ಯಾಂಕಿನ ಪಿನ್ನು, ಇನ್ಶೂರೆನ್ಸ್ ಕಾರ್ಡು, ಟ್ಯಾಕ್ಸ್ ನಂಬರು ಎಲ್ಲ ಬರೋದು ಈ ಡಬ್ಬಕ್ಕೇ. ಆ ಹನ್ನೊಂದು ಅಂಕಿಯ ಟ್ಯಾಕ್ಸ್ ನಂಬರ್ ಕಳ್ಕೊಂಡು ಪಾರ್ಟ್ ಟೈಮ್ ಕೆಲಸಕ್ಕೆ ಸೇರಿದ್ರೆ ಸಂಬಳದಲ್ಲಿ ಎಲ್ಲಕ್ಕಿಂತ ಜಾಸ್ತಿ ದರದಲ್ಲಿ ತೆರಿಗೆ ಹಿಡೀತಾರೆ.

ಇದರಲ್ಲಿ ನಮ್ಮ ಕಡೆಯವರಿಗೇ ಅಂತ ಒಂದು ಸ್ಪೆಷಲ್ ಫಜೀತಿ ಇದೆ, ಹೆಸರಿಂದು. ನಮ್ಮಲ್ಲಿ ಎಷ್ಟೋ ಜನಕ್ಕೆ ಸರ್‌ನೇಮ್ ಅನ್ನೋದೇ ಇಲ್ಲ, ಇನಿಷಿಯಲ್ಲು ಇರುತ್ತೆ, ಊರಿನ ಹೆಸರು ಇರುತ್ತೆ, ಅಪ್ಪನ ಹೆಸರು ಇರುತ್ತೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಒಂದು ಥರ, ಪಾಸ್‌ಪೋರ್ಟಲ್ಲಿ ಇನ್ನೊಂದು ಥರ. ಪಾಸ್‌ಪೋರ್ಟ್ ಮಾಡಿಸೋವಾಗ ಅಪ್ಪನ ಹೆಸರನ್ನ ಸರ್‌ನೇಮ್ ಜಾಗಕ್ಕೆ ಹಾಕಿಸಿದ್ರೆ ಇಲ್ಲಿ ಕಾಗದ ಎಲ್ಲ ಅಪ್ಪನ ಹೆಸರಿಗೇ ಬರುತ್ತೆ, ಡಬ್ಬದ ಮೇಲೆ ನೀವು ನಿಮ್ಮ ಹೆಸರು ಅಂಟಿಸಿಟ್ರೆ ಪೋಸ್ಟ್‌ಮ್ಯಾನ್‌ಗೆ ಏನು ಗೊತ್ತಾಗ್ಬೇಕು. ಪಾಸ್‌ಪೋರ್ಟಲ್ಲಿ ಆ ಜಾಗ ಖಾಲಿ ಬಿಟ್ಟಿದ್ರೆ ಇನ್ನೂ ಮಜಾ, ಬ್ಯಾಂಕಲ್ಲಿ ಒಂದು ಥರ ಇನ್ಶೂರೆನ್ಸಲ್ಲಿ ಒಂದು ಥರ ಯೂನಿವರ್ಸಿಟಿಯಲ್ಲಿ ಮತ್ತೊಂದು ಥರ ಬರ್ಕೊಳ್ತಾರೆ. ನಾನು ಹೇಳೋದು ಇಷ್ಟೇ, ಪಾಸ್‌ಪೋರ್ಟಲ್ಲಿರೋ ಎಲ್ಲ ಪದಗಳನ್ನೂ ಪಾಸ್‌ಪೋರ್ಟಲ್ಲಿರೋ ಸ್ಪೆಲಿಂಗಲ್ಲೇ ಚೀಟಿಯಲ್ಲಿ ಬರೆದು ಅಂಟಿಸಿ, ಇನಿಷಿಯಲ್ ಸಮೇತ. ಚೀಟಿ ಉದ್ದ ಆದ್ರೆ ಆಗ್ಲಿ. ಬೇರೆಯವರ ಜೊತೆ ಶೇರ್ ಮಾಡ್ಕೊಂಡಿರೋ ಮನೆ ಆದ್ರೆ ಅವರ ಹೆಸರಿನ ಕೆಳಗೆ ನಿಮ್ಮದು, ಕೀ ತಗೊಂಡ ದಿನವೇ.

ಹೆಲ್ತ್ ಇನ್ಶೂರೆನ್ಸ್ ಬಗ್ಗೆ ಒಂದೇ ಮಾತು, ಆದ್ರೆ ಗಮನ ಇಟ್ಟು ಓದಿ. ಮೂವತ್ತು ವರ್ಷದ ಒಳಗಿನ ಸ್ಟೂಡೆಂಟ್ಸ್‌ಗೆ ಸರ್ಕಾರಿ ವ್ಯವಸ್ಥೆಯ ಇನ್ಶೂರೆನ್ಸ್ ಸಿಗುತ್ತೆ, ತಿಂಗಳಿಗೆ ಸುಮಾರು 140-150 ಯೂರೋ. ಪ್ರೈವೇಟ್‌ನವರು ಅದಕ್ಕಿಂತ ಕಮ್ಮಿ ರೇಟ್ ಹೇಳ್ತಾರೆ, ಏಜೆಂಟ್‌ಗಳೂ ಅದನ್ನೇ ತಗೋ ಅಂತಾರೆ. ಒಂದು ಸಲ ಸರ್ಕಾರಿದು ಬೇಡ ಅಂತ ಬರೆದುಕೊಟ್ರೆ ಓದು ಮುಗಿಯೋ ತನಕ ಅದಕ್ಕೆ ವಾಪಸ್ ಬರೋಕಾಗಲ್ಲ. ಉಳಿಯೋ ನಾಲ್ಕು ಕಾಸಿಗೆ ಆಸೆಪಟ್ಟು ಆಸ್ಪತ್ರೆ ಬಿಲ್ ಬಂದಾಗ ನನ್ನ ಮುಂದೆ ಕೂತು ಅತ್ತವರಿದ್ದಾರೆ. ಆಂಬುಲೆನ್ಸಿಗೆ 112, ರಾತ್ರಿ ಜ್ವರ ಹೊಟ್ಟೆನೋವು ಅಂಥದ್ದಕ್ಕೆ 116117, ಎರಡೂ ಫೋನಲ್ಲಿ ಸೇವ್ ಮಾಡ್ಕೊಳ್ಳಿ.

ಇನ್ನು ಊಟ ತಿಂಡಿ. ಟಿಕೆಟ್ ಬುಕ್ ಮಾಡೋವಾಗ ಶನಿವಾರ ರಾತ್ರಿ ಇಳಿಯೋ ಫ್ಲೈಟ್ ಬೇಡ, ದಯವಿಟ್ಟು. ಭಾನುವಾರ ಇಲ್ಲಿ ಸೂಪರ್‌ಮಾರ್ಕೆಟ್ ಎಲ್ಲ ಬಂದ್, ದೊಡ್ಡ ರೈಲ್ವೆ ಸ್ಟೇಷನ್ನು ಏರ್‌ಪೋರ್ಟಿನ ಒಳಗಿನ ಅಂಗಡಿ ಬಿಟ್ರೆ ದಿನಸಿ ಸಿಗೋದೇ ಕಷ್ಟ, ಹೊಸ ಊರಲ್ಲಿ ಮೊದಲ ದಿನ ಬೀದಿ ಬೀದಿ ಖಾಲಿ, ಊರಿಗೆ ಏನಾಗಿದೆ ಅಂತ ಗಾಬರಿ ಆಗುತ್ತೆ. ಮಂಗಳವಾರ ಬುಧವಾರ ಇಳಿಯೋ ಥರ ನೋಡಿ. ಹೊರದೇಶದಿಂದ ಯೂರೋಪಿಗೆ ಹಾಲಿನ ಪದಾರ್ಥ ಮಾಂಸದ ಪದಾರ್ಥ ತರೋ ಹಾಗಿಲ್ಲ, ಹಾಗಾಗಿ ಅಜ್ಜಿ ಕಾಯಿಸಿಕೊಟ್ಟ ತುಪ್ಪ ಮತ್ತೆ ಪೇಡ ಊರಲ್ಲೇ ಇರ್ಲಿ. ತಾಜಾ ಕರಿಬೇವಿಗೂ ಸರ್ಟಿಫಿಕೇಟ್ ಬೇಕು, ಆದ್ರೆ ತೆಂಗಿನಕಾಯಿ ಬಾಳೆಹಣ್ಣಿಗೆ ಬೇಡ, ಈ ರೂಲ್ಸ್ ಮಾಡಿದವರು ನಮ್ಮ ಕರಾವಳಿಯವರೇನೋ ಅಂತ ನನಗೆ ಅನುಮಾನ. (ಒಣ ಕೊಬ್ಬರಿ ಗಿಟುಕು ಮಾತ್ರ ಹಾಕ್ಬೇಡಿ, ಬೇಗ ಬೆಂಕಿ ಹತ್ತೋ ಸಾಮಾನು ಅಂತ ಬೆಂಗಳೂರಲ್ಲೇ ತೆಗೆಸ್ತಾರೆ.)

ಟ್ರಾಮು ಬಸ್ಸು ಟಿಕೆಟ್ ತಗೊಂಡಿದ್ರೂ 60 ಯೂರೋ ದಂಡ ಕಟ್ಟಿದವರಿದ್ದಾರೆ, ಯಾಕಂದ್ರೆ ಕೆಲವು ಊರಲ್ಲಿ ಪೇಪರ್ ಟಿಕೆಟನ್ನ ಮೆಷಿನ್‌ಗೆ ತೂರಿಸಿ ಸೀಲ್ ಹಾಕಿಸ್ಬೇಕು. ದೇಶ ಪೂರ್ತಿ ಲೋಕಲ್ ರೈಲು ಬಸ್ಸಲ್ಲಿ ಓಡಾಡೋ ತಿಂಗಳ ಪಾಸ್ 2026ರ ಜನವರಿಯಿಂದ 63 ಯೂರೋ, ಆದ್ರೆ ಎಷ್ಟೋ ಯೂನಿವರ್ಸಿಟಿಗಳ ಸೆಮಿಸ್ಟರ್ ಫೀಯಲ್ಲೇ ಪಾಸ್ ಸೇರಿರುತ್ತೆ, ಕೇಳದೆ ದುಡ್ಡು ಕೊಡ್ಬೇಡಿ. ಹಾಗೇನೇ ರೇಡಿಯೋ ಟೀವಿ ಫೀ ಅಂತ ಒಂದು ಕಾಗದ ಬರುತ್ತೆ, ತಿಂಗಳಿಗೆ 18.36 ಯೂರೋ. ನಮ್ಮ ಮನೇಲಿ ಟೀವಿನೇ ಇಲ್ಲ ಅಂತ ಹರಿದು ಬಿಸಾಕ್ಬೇಡಿ, ಟೀವಿ ಇರ್ಲಿ ಬಿಡ್ಲಿ ಮನೆಗೆ ಒಂದು ಅಂತ ಕಟ್ಟಲೇಬೇಕು, ನಾಲ್ಕು ಜನ ಒಂದು ಮನೇಲಿದ್ರೆ ಒಬ್ರು ಕಟ್ಟಿ ಮಿಕ್ಕವರು ತಮಗೆ ಬಂದ ಕಾಗದಕ್ಕೆ ಅವರ ಫೀ ನಂಬರ್ ಬರೆದು ವಾಪಸ್ ಕಳಿಸಿದ್ರೆ ಮುಗೀತು.

ಕ್ಲಾಸಿನ ವಿಷಯದಲ್ಲಿ ನಮ್ಮ ಇಂಜಿನಿಯರಿಂಗ್ ಕಾಲೇಜುಗಳಿಂದ ಬಂದವರಿಗೆ ಮೊದಲ ವಾರ ಸ್ವರ್ಗ. ಅಟೆಂಡೆನ್ಸ್ ಶಾರ್ಟೇಜ್ ಇಲ್ಲ, ಬಹುಪಾಲು ಸಬ್ಜೆಕ್ಟಿಗೆ ಇಂಟರ್ನಲ್ಸ್ ಇಲ್ಲ, ರೆಕಾರ್ಡ್ ಬುಕ್ಕಿಗೆ ಸೈನ್ ಹಾಕಿಸ್ಕೊಂಡು ಓಡಾಡೋದಿಲ್ಲ, ಎಚ್‌ಓಡಿ ಕರೆಸಿ ಬೈಯಲ್ಲ. ಯಾರೂ ಏನೂ ಕೇಳಲ್ಲ. ಅಲ್ಲೇ ಇರೋದು ಸಮಸ್ಯೆ, ಕೊನೇಲಿ ಒಂದು ಪರೀಕ್ಷೆ, ಪೂರ್ತಿ ಮಾರ್ಕ್ಸ್ ಅದಕ್ಕೇ. ಆ ಪರೀಕ್ಷೆಗೆ ಬೇರೆಯಾಗಿ ಆನ್‌ಲೈನಲ್ಲಿ ಹೆಸರು ಕೊಡ್ಬೇಕು, ಕ್ಲಾಸಿಗೆ ಹೋಗ್ತಿದ್ದೀನಲ್ಲ ಸಾಕು ಅನ್ಕೊಂಡು ಕೂತ್ರೆ ಹಾಲಿಗೇ ಬಿಡಲ್ಲ, ರಿಕ್ವೆಸ್ಟ್ ಲೆಟರ್ ಬರ್ಕೊಂಡು ಹೋದ್ರೂ ನಡೆಯಲ್ಲ. ಸಾಮಾನ್ಯವಾಗಿ ಒಂದು ಸಬ್ಜೆಕ್ಟಿಗೆ ಮೂರು ಚಾನ್ಸ್, ಕಡ್ಡಾಯ ಸಬ್ಜೆಕ್ಟಲ್ಲಿ ಮೂರೂ ಹೋದ್ರೆ ಕೋರ್ಸಿಂದಾನೇ ಹೊರಗೆ, ಅದೇ ಕೋರ್ಸನ್ನ ಈ ದೇಶದಲ್ಲಿ ಬೇರೆ ಕಡೆ ಓದೋದೂ ಕಷ್ಟ. ಬ್ಯಾಕ್ ಇಟ್ಕೊಂಡು ಕೊನೇ ಸೆಮ್ಮಲ್ಲಿ ಕ್ಲಿಯರ್ ಮಾಡೋಣ ಅನ್ನೋ ನಮ್ಮ ಲೆಕ್ಕ ಇಲ್ಲಿ ಉಲ್ಟಾ ಹೊಡಿಯುತ್ತೆ. ಸೇರಿದ ವಾರವೇ ನಿಮ್ಮ ಕೋರ್ಸಿನ ಪರೀಕ್ಷಾ ನಿಯಮದ ಪಿಡಿಎಫ್ ಹುಡುಕಿ ಓದಿ, ಜರ್ಮನ್‌ನಲ್ಲಿದ್ರೆ ಟ್ರಾನ್ಸ್‌ಲೇಟ್ ಹಾಕಿ ಓದಿ, ಓದಿ ಅಷ್ಟೇ.

ಮನೆ ನೆನಪು ಬರುತ್ತಲ್ಲ, ಅದು ಮೊದಲ ವಾರ ಬರಲ್ಲ ಅನ್ನೋದನ್ನ ಅಪ್ಪ ಅಮ್ಮಂದಿರು ತಿಳ್ಕೊಂಡಿದ್ರೆ ಒಳ್ಳೇದು. ಮೊದಲ ವಾರ ಪೇಪರ್ ಹಿಂದೆ ಓಡೋದ್ರಲ್ಲೇ ಕಳೆಯುತ್ತೆ, ಮಗ ಖುಷಿಯಾಗಿದ್ದಾನೆ ಅಂತ ಊರಲ್ಲಿ ಎಲ್ಲರೂ ನಿರಾಳ. ಎಲ್ಲ ಕೆಲಸ ಮುಗಿದು, ಕಾರ್ಡ್ ಕೈಗೆ ಬಂದು, ನವೆಂಬರಲ್ಲಿ ಸಂಜೆ ಐದಕ್ಕೇ ಕತ್ತಲಾಗೋಕೆ ಶುರು ಆದಾಗ ಹುಡುಗರು ಒಬ್ಬೊಬ್ಬರೇ ಮಂಕಾಗ್ತಾರೆ. ಅಕ್ಟೋಬರ್ ಕೊನೇ ಭಾನುವಾರ ಇಲ್ಲಿ ಗಡಿಯಾರನ ಒಂದು ಗಂಟೆ ಹಿಂದಕ್ಕೆ ತಿರುಗಿಸ್ತಾರೆ, ಊರಿಗೂ ಇಲ್ಲಿಗೂ ಮೂರೂವರೆ ಗಂಟೆ ಇದ್ದಿದ್ದು ನಾಲ್ಕೂವರೆ ಆಗುತ್ತೆ, ಇವನು ಕ್ಲಾಸ್ ಮುಗಿಸಿ ಅನ್ನ ಬೇಯಿಸಿ ಫೋನ್ ತೆಗೆಯೋ ಹೊತ್ತಿಗೆ ಅಮ್ಮ ಮಲಗಿರ್ತಾರೆ. ಮೊದಲು ಕಾಲ್ ಬಿಟ್ಟುಹೋಗುತ್ತೆ, ಆಮೇಲೆ ಅಡುಗೆ ಬಿಟ್ಟುಹೋಗುತ್ತೆ, ಆಮೇಲೆ ಕ್ಲಾಸು. ನಾನು ಅವರನ್ನ ನೋಡೋದು ಕ್ಲಾಸೂ ಬಿಟ್ಟುಹೋದ ಮೇಲೆ, ಯಾಕಂದ್ರೆ ಅಲ್ಲಿ ತನಕ ಯಾರೂ ಬರಲ್ಲ.

ಬಹುತೇಕ ಯೂನಿವರ್ಸಿಟಿ ಊರುಗಳಲ್ಲಿ ಸ್ಟೂಡೆಂಟ್ಸ್‌ಗೆ ಅಂತ ಕೌನ್ಸೆಲಿಂಗ್ ಇದೆ, ಸಾಮಾನ್ಯವಾಗಿ ದುಡ್ಡಿಲ್ಲ, ಇಂಗ್ಲಿಷಲ್ಲೂ ಮಾತಾಡ್ತಾರೆ. ಅಲ್ಲಿ ಹೇಳಿದ್ದು ನಿಮ್ಮ ಪ್ರೊಫೆಸರ್‌ಗಾಗ್ಲಿ ವೀಸಾ ಆಫೀಸಿಗಾಗ್ಲಿ ಹೋಗಲ್ಲ, ಇದನ್ನ ಎಷ್ಟು ಸಲ ಹೇಳಿದ್ರೂ ನಮ್ಮವರು ನಂಬಲ್ಲ. ಅಪಾಯಿಂಟ್‌ಮೆಂಟಿಗೆ ಕೆಲವು ವಾರ ಕಾಯ್ಬೇಕಾಗುತ್ತೆ, ಅದಕ್ಕೇ ನಿದ್ದೆ ಕೆಡೋಕೆ ಶುರುವಾದಾಗಲೇ ಮೇಲ್ ಹಾಕಿಡಿ, ಆಮೇಲೆ ಬೇಡ ಅನ್ನಿಸಿದ್ರೆ ಕ್ಯಾನ್ಸಲ್ ಮಾಡಿದ್ರಾಯ್ತು. ಇನ್ನು ಊರಲ್ಲಿರೋರು, ಬೆಳಿಗ್ಗೆ ಎದ್ದ ತಕ್ಷಣ ಮಗಳಿಗೆ ಫೋನ್ ಮಾಡ್ಬೇಡಿ, ಇಲ್ಲಿ ಆಗ ನಡುರಾತ್ರಿ. ನಿಮ್ಮ ರಾತ್ರಿ ಊಟದ ಹೊತ್ತಿಗೆ ಮಾಡಿ, ಇಲ್ಲಿ ಸಂಜೆ ನಾಲ್ಕು ಗಂಟೆ, ಅವಳು ಲೈಬ್ರರಿ ಹೊರಗೆ ಬಂದು ಎತ್ತುತ್ತಾಳೆ, ಸಾರು ಏನು ಮಾಡಿದ್ರಿ ಅಂತ ಅವಳೇ ಕೇಳ್ತಾಳೆ.