ದವಡೆ ನೋಡಿ ಕುಲ ಹೇಳಬೇಡಿ

ಮಲೆನಾಡಿನ ಕಾಡಿನಲ್ಲಿ ಮೇಲಿನ ಒಣ ದರಗು ಸರಿಸಿದರೆ ಕೆಳಗೆ ಅರೆಬರೆ ಕೊಳೆತ ಒದ್ದೆ ಎಲೆಗಳ ಪದರ ಸಿಗುತ್ತದೆ. ಸ್ಟ್ರುಮಿಜೆನಿಸ್ ಎಂಬ ಕುಲದ, ಅಂದರೆ ಹತ್ತಿರದ ಪ್ರಭೇದಗಳ ಗುಂಪಿನ, ಇರುವೆಗಳು ಬೇಟೆಯಾಡುವುದು ಅಂಥ ಜಾಗದಲ್ಲೇ. ಹೆಚ್ಚಿನವು ಎರಡು-ಮೂರು ಮಿಲಿಮೀಟರ್ ಉದ್ದ, ಮಣ್ಣಿನದೇ ಬಣ್ಣ, ನಿಧಾನ ನಡಿಗೆ. ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ, ಸಂಖ್ಯೆಗೇನೂ ಕೊರತೆಯಿಲ್ಲ. ಜಗತ್ತಿನಲ್ಲಿ 800ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದೆ.

ಕೈಯಿಂದ ಹೆಕ್ಕಿ ಇವನ್ನು ಹಿಡಿಯುವುದು ಕಷ್ಟ. ದರಗನ್ನು ಜರಡಿ ಹಿಡಿದು, ಉದುರಿದ್ದನ್ನು ಬಲೆಚೀಲಕ್ಕೆ ತುಂಬಿ, ಅದನ್ನು ದೊಡ್ಡ ಬಟ್ಟೆಚೀಲದೊಳಗೆ ತೂಗುಹಾಕುತ್ತಾರೆ. ದರಗು ಒಣಗುತ್ತ ಬಂದಂತೆ ಇರುವೆಗಳು ಹೊರಬಂದು, ತಳದಲ್ಲಿಟ್ಟ ಆಲ್ಕೋಹಾಲಿನ ಬಟ್ಟಲಿಗೆ ಬೀಳುತ್ತವೆ. ಇದಕ್ಕೆ ವಿಂಕ್ಲರ್ ಚೀಲ ಎನ್ನುತ್ತಾರೆ. ಸಾಮಾನ್ಯವಾಗಿ ಎರಡು ದಿನವಾದರೂ ತೂಗುಬಿಡಬೇಕು.

ಮೈಕ್ರೋಸ್ಕೋಪಿನಡಿ ಮೊದಲು ಸೆಳೆಯುವುದು ದವಡೆ. ಕೆಲವಕ್ಕೆ ಉದ್ದನೆಯ ಸಪೂರ ದವಡೆ, ತುದಿಯಲ್ಲಿ ಮುಳ್ಳಿನಂಥ ಹಲ್ಲು. ಅದನ್ನು ಅಗಲಕ್ಕೆ ತೆರೆದು ಚಿಲಕ ಹಾಕಿದಂತೆ ಬಿಗಿದಿಟ್ಟುಕೊಳ್ಳುತ್ತವೆ. ಬೇಟೆ ತಾಗಿದೊಡನೆ ಅದು ಫಟ್ಟನೆ ಮುಚ್ಚಿಕೊಳ್ಳುತ್ತದೆ. ಇನ್ನು ಕೆಲವಕ್ಕೆ ಗಿಡ್ಡ ದವಡೆ. ಅವು ಮೆಲ್ಲಮೆಲ್ಲನೆ ಹತ್ತಿರ ಸರಿದು, ಕಚ್ಚಿ ಹಿಡಿದು, ಕೊಂಡಿಯಿಂದ ಚುಚ್ಚುತ್ತವೆ. ಎರಡರ ಕಣ್ಣೂ ಮುಖ್ಯವಾಗಿ ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ಜೀವಿಗಳ ಮೇಲೆ. ಅವು ಹೊಟ್ಟೆಯಡಿ ಮಡಚಿಟ್ಟ ಕವಲನ್ನು ನೆಲಕ್ಕೆ ಬಡಿದು ಚಿಮ್ಮಿ ಪಾರಾಗುವುದರಲ್ಲಿ ನಿಪುಣರು. ಹಿಡಿಯಬೇಕೆಂದರೆ ಮಿಂಚಿನ ವೇಗ ಬೇಕು, ಇಲ್ಲವೇ ಅಪಾರ ತಾಳ್ಮೆ ಬೇಕು.

ಉದ್ದ ದವಡೆಯವು ಒಂದು ವಂಶ, ಗಿಡ್ಡ ದವಡೆಯವು ಇನ್ನೊಂದು ಎಂದು ತೋರುವುದು ಸಹಜ. ಬಹುಕಾಲ ತಜ್ಞರೂ ಗಿಡ್ಡ ದವಡೆಯವುಗಳನ್ನು ಪಿರಮಿಕಾ ಮುಂತಾದ ಬೇರೆ ಕುಲಗಳಲ್ಲಿ ಇಟ್ಟಿದ್ದರು. 2021ರಲ್ಲಿ ಪ್ರಕಟವಾದ ಡಿಎನ್‌ಎ ಆಧಾರಿತ ಅಧ್ಯಯನವೊಂದು ಈ ಕುಲದ ನೂರಾರು ಪ್ರಭೇದಗಳನ್ನು ಹೋಲಿಸಿ, ಚಿಲಕದ ದವಡೆ ಏಳರಿಂದ ಹತ್ತು ಬಾರಿ ಪ್ರತ್ಯೇಕವಾಗಿ ವಿಕಾಸಗೊಂಡಿದೆ ಎಂದು ತೋರಿಸಿತು. ನನ್ನ ಮಟ್ಟಿಗೆ ಈ ಕುಲದ ಅತ್ಯಂತ ರೋಮಾಂಚಕ ಸಂಗತಿ ಇದೇ. ಬೇರೆ ಬೇರೆ ಖಂಡಗಳಲ್ಲಿ, ಬೇರೆ ಬೇರೆ ಕವಲುಗಳಲ್ಲಿ, ಅದೇ ಯಂತ್ರ ಮತ್ತೆ ಮತ್ತೆ ಹುಟ್ಟಿದೆ!

ಹಾಗಾದರೆ ಕುಲ ಗುರುತಿಸುವುದು ಹೇಗೆ? ಸೊಂಟ ನೋಡಿ. ಹೊಟ್ಟೆಗೂ ಎದೆಗೂ ನಡುವಿನ ಎರಡು ಗಂಟುಗಳ ಸುತ್ತ ಸಾಮಾನ್ಯವಾಗಿ ಸ್ಪಂಜಿನಂಥ ಬೆಳ್ಳನೆಯ ಅಂಗಾಂಶ ಕಾಣುತ್ತದೆ. ಬಳಿಕ ಮೀಸೆಯ (ಆಂಟೆನಾದ) ಗಿಣ್ಣು ಎಣಿಸಿ: ಬಹಳಷ್ಟು ಇರುವೆಗಳಲ್ಲಿ ಹನ್ನೊಂದೋ ಹನ್ನೆರಡೋ ಗಿಣ್ಣುಗಳಿದ್ದರೆ, ಇವುಗಳಲ್ಲಿ ನಾಲ್ಕರಿಂದ ಆರು. ಪ್ರಭೇದದ ಮಟ್ಟಕ್ಕೆ ಇಳಿದಾಗ ದವಡೆಯ ಹಲ್ಲುಗಳಿಗೂ, ಮೈಮೇಲಿನ ರೋಮಕ್ಕೂ ಬೆಲೆ ಬರುತ್ತದೆ. ರೋಮ ಚಮಚದ ಆಕಾರದ್ದೇ, ಚಾಟಿಯಂತೆ ಉದ್ದವೇ, ಹೆಗಲ ಮೇಲಿದೆಯೇ ಇಲ್ಲವೇ ಎಂಬುದನ್ನೆಲ್ಲ ನೋಡಬೇಕು. ಆದ್ದರಿಂದ ಮೇಲಿನಿಂದ ತೆಗೆದ ಒಂದೇ ಫೋಟೋ ಸಾಲದು. ಮುಖದ ನೇರ ನೋಟ, ಪಕ್ಕದ ನೋಟ ಎರಡೂ ಬೇಕು.

ಊರ ಸಮೀಪದ ತೋಟದಲ್ಲಿ ಸಿಕ್ಕರೆ ಇನ್ನೂ ಎಚ್ಚರ ಬೇಕು. ಮೀಸೆಯಲ್ಲಿ ನಾಲ್ಕೇ ಗಿಣ್ಣುಗಳಿರುವ ಸ್ಟ್ರುಮಿಜೆನಿಸ್ ಎಮ್ಮೇ (Strumigenys emmae) ಎಂಬಂಥ ಪ್ರಭೇದಗಳು ಮನುಷ್ಯರ ಸಾಗಾಟದ ಜೊತೆ ಉಷ್ಣವಲಯದ ಹಲವೆಡೆ ಹಬ್ಬಿವೆ. ಹೊಸ ಪ್ರಭೇದ ಸಿಕ್ಕಿತೆಂದು ಬರೆಯುವ ಮುನ್ನ ಇಂಥ ವಲಸಿಗರೊಡನೆ ಹೋಲಿಸಿ ನೋಡಲೇಬೇಕು.