ಅರಿಷ್ಟದ ಬಾಟಲಿ ತಿರುಗಿಸಿ ನೋಡಿ

ಆ ಯಜಮಾನರು ಕುಡಿತ ಬಿಟ್ಟು ಮೂರು ತಿಂಗಳಾಗಿತ್ತು. ಹೊಟ್ಟೆಯಲ್ಲಿ ತುಂಬಿದ್ದ ನೀರು ಇಳಿದಿತ್ತು, ಮುಖಕ್ಕೆ ಕಳೆ ಬಂದಿತ್ತು. ಹೆಂಡತಿ ಬಟ್ಟೆ ಚೀಲದಿಂದ ಕಂದು ಬಾಟಲಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ರೋಹಿತಕಾರಿಷ್ಟ ಅನ್ನೋ ಆಯುರ್ವೇದ ಔಷಧ. "ಲಿವರ್‌ಗೆ ಒಳ್ಳೇದಂತೆ ಸಾರ್, ಎರಡು ಹೊತ್ತೂ ಕೊಡ್ತಿದೀನಿ." ಬಾಟಲಿ ತಿರುಗಿಸಿ ಸಣ್ಣಕ್ಷರದ ಸಾಲು ತೋರಿಸಿದೆ. ಆಲ್ಕೋಹಾಲ್ ಇದೆ ಅಂತ ಬರೆದಿತ್ತು. ಆಕೆ ಗಂಡನ ಕಡೆ ನೋಡಿದರು. ಆತ ಕಿಟಕಿ ಕಡೆ ನೋಡಿದರು. ಅವರಿಗೆ ಮೊದಲ ಗುಟುಕಿಗೇ ಗೊತ್ತಾಗಿತ್ತು ಅನ್ಸುತ್ತೆ.

ಇದು ಕಲಬೆರಕೆಯಲ್ಲ. ತೊಗಟೆ, ಬೇರು ಕುದಿಸಿದ ಕಷಾಯಕ್ಕೆ ಬೆಲ್ಲ, ಧಾತಕಿ ಹೂ ಹಾಕಿ ಬಾಯಿ ಕಟ್ಟಿಟ್ಟರೆ ಅರಿಷ್ಟ. ಕುದಿಸದೆ ಹುದುಗಿಸಿದರೆ ಆಸವ. ಯೀಸ್ಟ್ ಬೆಲ್ಲ ತಿಂದು ಆಲ್ಕೋಹಾಲ್ ಮಾಡುತ್ತದೆ, ಸಾಮಾನ್ಯವಾಗಿ 5ರಿಂದ 10%. ಗಿಡದ ಸತ್ವ ಎಳೆಯುವುದೂ, ಔಷಧ ಕೆಡದಂತೆ ಕಾಯುವುದೂ ಅದೇ. ಜಾಣ ವಿಧಾನ, ಎರಡು ಮಾತಿಲ್ಲ.

ಆಕೆ ಕೊಡುತ್ತಿದ್ದುದು ದಿನಕ್ಕೆ 40 ಎಂಎಲ್. 10% ಅಂತಿಟ್ಟುಕೊಂಡರೆ 4 ಎಂಎಲ್ ಆಲ್ಕೋಹಾಲ್. 30 ಎಂಎಲ್ ವಿಸ್ಕಿ ಪೆಗ್‌ನಲ್ಲಿ ಇರುವುದು ಸುಮಾರು 13. ಅಂದರೆ ಮೂರು ದಿನಕ್ಕೊಂದು ಪೆಗ್, ಅದೂ ಹೆಂಡತಿಯ ಕೈಯಿಂದಲೇ! ಆರೋಗ್ಯವಾಗಿರೋ ಲಿವರ್‌ಗೆ ಇಷ್ಟು ದೊಡ್ಡದಲ್ಲ. ಸಿರೋಸಿಸ್, ಅಂದರೆ ಲಿವರ್ ಗಾಯಗೊಂಡು ಗಂಟು ಕಟ್ಟಿದವರಿಗೆ ಇಷ್ಟೂ ಬೇಡ. ಜೊತೆಗೆ, ಆ ರುಚಿ ಹಳೆ ಚಟವನ್ನು ಕೆರಳಿಸಬಹುದು.

ಹಾಗಾದರೆ ಲಿವರ್ ಕಾಯುತ್ತದೆ ಅನ್ನೋ ಮಾತು ಸುಳ್ಳಾ? ಪೂರ್ತಿ ಅಲ್ಲ. ಇಂಥ ಔಷಧಗಳ ಪ್ರಯೋಗಗಳಲ್ಲಿ ಹೆಚ್ಚಿನವು ಇಲಿಗಳ ಮೇಲೆ ನಡೆದಿವೆ. ಇಲಿಗೆ ಔಷಧ ಕುಡಿಸಿ, ಕಾರ್ಬನ್ ಟೆಟ್ರಾಕ್ಲೋರೈಡ್ ಅನ್ನೋ ವಿಷ ಕೊಡುತ್ತಾರೆ. ಔಷಧ ಕುಡಿದ ಇಲಿಯ ರಕ್ತದಲ್ಲಿ ಎಸ್‌ಜಿಪಿಟಿ (ಲಿವರ್‌ಗೆ ಏಟು ಬಿದ್ದಾಗ ರಕ್ತಕ್ಕೆ ಸೋರುವ ಕಿಣ್ವ) ಅಷ್ಟಾಗಿ ಏರುವುದಿಲ್ಲ. ಹುದುಗಿಸಿದ ಚಹಾ ಕೊಂಬುಚಾಗೂ ಇಂಥದೇ ಫಲಿತಾಂಶ ಬಂದಿದೆ. ಆದರೆ ಅದು ಒಂದೇ ಸಲ ಬೀಳುವ ಏಟು. ನಮ್ಮ ಯಜಮಾನರ ಲಿವರ್ ಹದಗೆಟ್ಟಿದ್ದು ಇಪ್ಪತ್ತು ವರ್ಷದಲ್ಲಿ. ಗಾಯದ ಮೇಲೆ ಗಾಯವಾಗಿ ಗಂಟು ಕಟ್ಟಿದೆ. ಇಲಿಯಲ್ಲಿ ಕಂಡ ಲಾಭ ಇವರಿಗೂ ಸಿಗುತ್ತೆ ಅನ್ನಲು ಅಷ್ಟು ಸಾಲದು.

"ಕಾಮಾಲೆಗೆ ಕುಡಿದು ವಾಸಿಯಾಯ್ತಲ್ಲ?" ಅಂತ ಕೇಳುವವರು ಜಾಸ್ತಿ. ಕಾಮಾಲೆ ತರುವ ಹೆಪಟೈಟಿಸ್ ಎ ಸೋಂಕು ಬಹುಪಾಲು ಜನರಲ್ಲಿ ತಾನಾಗಿಯೇ ವಾಸಿಯಾಗುತ್ತೆ. ಹೆಸರು ಮಾತ್ರ ಕೊನೆಗೆ ಕುಡಿದ ಔಷಧಕ್ಕೆ.

ಕುಡಿತ ಬಿಡಿಸುವ ಡೈಸಲ್ಫಿರಾಮ್ ಮಾತ್ರೆ ತಗೊಳ್ಳುವವರಂತೂ ಅರಿಷ್ಟ, ಆಸವ ಮುಟ್ಟಲೇಬಾರದು. ಸ್ವಲ್ಪ ಆಲ್ಕೋಹಾಲಿಗೂ ಮುಖ ಕೆಂಪೇರಿ, ಎದೆ ಢವಗುಟ್ಟಿ, ವಾಂತಿಯಾಗಬಹುದು. ಲಿವರ್ ತೊಂದರೆ ಇದ್ದು ಯಾವುದೇ ಗಿಡಮೂಲಿಕೆ ಔಷಧ ತಗೊಳ್ಳುತ್ತಿದ್ದರೆ, ಡಾಕ್ಟರು ಬೈತಾರೇನೋ ಅಂತ ಮುಚ್ಚಿಡಬೇಡಿ. ಆಕೆಯ ಹಾಗೆ ಬಾಟಲಿಯನ್ನೇ ಚೀಲಕ್ಕೆ ಹಾಕಿಕೊಂಡು ಬನ್ನಿ.