ಡಬ್ಬಿಯಲ್ಲಿಟ್ಟ ಕರ್ಪೂರ ಸವೆಯುವುದೇಕೆ?

ಪ್ರಶ್ನೆ: ಯುಗಾದಿಗೆ ತಂದ ಕರ್ಪೂರ ಶ್ರಾವಣದ ಹೊತ್ತಿಗೆ ಅರ್ಧವೂ ಉಳಿದಿಲ್ಲ. ಡಬ್ಬಿಯಲ್ಲಿ ನಾಲ್ಕು ಮೆಣಸಿನಕಾಳೂ ಹಾಕಿದ್ದೆವು. ಹೀಗೇಕೆ? (ವಿಜಯಪುರದ ಓದುಗರು)

ಉತ್ತರ: ಕರ್ಪೂರ ಕರಗಿ ನೀರಾಗಲು ಸುಮಾರು 175 ಡಿಗ್ರಿ ಶಾಖ ಬೇಕು. ಆದರೆ ಗಟ್ಟಿಯಾಗಿರುವಾಗಲೇ ನೇರ ಆವಿಯಾಗಲು ಮನೆಯ ಮಾಮೂಲಿ ಬಿಸಿ ಸಾಕು. 40 ಡಿಗ್ರಿ ದಾಟುವ ನಿಮ್ಮೂರಿನ ಬೇಸಿಗೆಯಲ್ಲಿ, ಅದರಲ್ಲೂ ದೇವರ ಜಗಲಿಯ ಮೇಲೆ ದೀಪದ ಮಗ್ಗುಲಲ್ಲಿಟ್ಟರೆ, ಅದು ಬೇಗ ಹಾರಿಹೋಗುತ್ತದೆ.

ಮುಚ್ಚಳ ಸಡಿಲವಿದ್ದರೆ ಮೆಣಸಿನಕಾಳು, ಲವಂಗ ಯಾವುದೂ ಆವಿಯನ್ನು ಹಿಡಿದಿಡಲಾರವು. ತಿರುಪಿನ ಲೋಹದ ಮುಚ್ಚಳವಿರುವ ಚಿಕ್ಕ ಗಾಜಿನ ಬಾಟಲಿ ತಗೊಳ್ಳಿ, ಕಂಠದವರೆಗೆ ತುಂಬಿ, ತಂಪು ಜಾಗದಲ್ಲಿಡಿ. ಒಳಗೆ ಖಾಲಿ ಜಾಗ ಕಡಿಮೆಯಿದ್ದಷ್ಟೂ ಆವಿ ಬೇಗ ತುಂಬಿಕೊಂಡು ಸವೆತ ನಿಲ್ಲುತ್ತದೆ. ದಿನಬಳಕೆಗೆ ಎಂಟು-ಹತ್ತು ಬಿಲ್ಲೆ ಬೇರೆ ತೆಗೆದಿಟ್ಟರೆ ತುಂಬಿಟ್ಟ ಬಾಟಲಿಯನ್ನು ಪದೇಪದೇ ತೆರೆಯಬೇಕಾಗಿಲ್ಲ. ತೆಳು ಪ್ಲಾಸ್ಟಿಕ್ ಚೀಲ ಬೇಡ. ಆವಿ ಅದರ ಮೂಲಕವೂ ಹೊರಗೆ ಹೋಗುತ್ತದೆ. ಮುಚ್ಚಳದ ಒಳಬದಿಗೆ ಬಿಳಿ ಹರಳು ಕಟ್ಟಿದ್ದರೆ ಕೆರೆದು ಆರತಿಗೆ ಬಳಸಿ, ಅದೂ ಕರ್ಪೂರವೇ.

ಮರದಿಂದ ಕರ್ಪೂರ ತೆಗೆಯುವುದೂ ಇದೇ ಗುಣದಿಂದ. ಚೀನಾ, ತೈವಾನ್, ಜಪಾನ್ ಕಡೆ ಬೆಳೆಯುವ, ದಾಲ್ಚಿನ್ನಿಯ ಕುಲದ ಮರದ ಚಕ್ಕೆಗಳಿಗೆ ಹಬೆ ಹಾಯಿಸಿ, ಆವಿಯನ್ನು ತಣಿಸಿದರೆ ಹರಳು ಕೂಡುತ್ತದೆ. ಈಗ ಅಂಗಡಿಯಲ್ಲಿ ಸಿಗುವ ಆರತಿ ಕರ್ಪೂರ ಬಹುತೇಕ ಕಾರ್ಖಾನೆಯದು, ಪೈನ್ ಮರದ ಟರ್ಪೆಂಟೈನಿನಿಂದ ಮಾಡಿದ್ದು.

ಉರಿದ ಮೇಲೆ ಆರತಿ ತಟ್ಟೆಯಲ್ಲಿ ಜಿಡ್ಡು ಉಳಿದರೆ ಮೇಣ ಬೆರೆತಿರುವ ಸಂಶಯ ಪಡಿ. ಕಪ್ಪು ಹೊಗೆ ಕಂಡರೆ ಮಾತ್ರ ಅಂಗಡಿಯವರನ್ನು ದೂರಬೇಡಿ. ಇಂಗಾಲ ಹೆಚ್ಚಿರುವುದರಿಂದ ಶುದ್ಧ ಕರ್ಪೂರವೂ ಕಾಡಿಗೆ ಬಿಡುತ್ತದೆ.

ನೆಗಡಿಗೆ, ಮೈಕೈ ನೋವಿಗೆ ಎಣ್ಣೆ ಮಾಡುವವರು 100 ಮಿಲಿ ಕೊಬ್ಬರಿ ಎಣ್ಣೆಗೆ 2-3 ಗ್ರಾಂ ಹಾಕಿದರೆ ಸಾಕು. ಎಣ್ಣೆಯನ್ನು ಬೆಚ್ಚಗೆ ಮಾಡಿ, ಒಲೆಯಿಂದ ಇಳಿಸಿ ದೂರ ಒಯ್ದ ಮೇಲೆ ಪುಡಿ ಕರ್ಪೂರ ಕದಡಿ. ಒಲೆಯ ಮೇಲೇ ಹಾಕಿದರೆ ಆವಿಗೆ ಬೆಂಕಿ ತಗಲುತ್ತದೆ. ಎರಡು ವರ್ಷದೊಳಗಿನ ಕೂಸಿಗೆ ಇದನ್ನು ಹಚ್ಚಲೇಬೇಡಿ.

ಲಾಡುವಿಗೆ ಹಾಕುವ ಪಚ್ಚ ಕರ್ಪೂರ ಬೇರೆ. ಅದು ಇಲ್ಲವೆಂದು ಆರತಿ ಕರ್ಪೂರ ಹಾಕಬಾರದು. ಮಕ್ಕಳು ಸಕ್ಕರೆ ಬಿಲ್ಲೆಯೆಂದು ಆರತಿ ಕರ್ಪೂರ ನುಂಗಿದರೆ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ವಾಂತಿ ಮಾಡಿಸುತ್ತ ಹೊತ್ತು ಕಳೆಯದೆ, ಪೊಟ್ಟಣದ ಸಮೇತ ನೇರ ದವಾಖಾನೆಗೆ ಒಯ್ಯಿರಿ.